ಅಪ್ಪನದೊಂದು ದೇಶ, ಅಮ್ಮನದೊಂದು ದೇಶ: ಮಗುವಿನ ಪಾಸ್‌ಪೋರ್ಟ್ ಯಾವುದು?

ಮಗಳಿಗೆ ಐದು ತಿಂಗಳಾಗಿದ್ದಾಗ ಅವಳ ಭಾರತದ ಪಾಸ್‌ಪೋರ್ಟ್ ಮನೆಗೆ ಬಂತು. ಫೋಟೋದಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡಿದ್ದಳು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಜರ್ಮನಿಯವರು. ಕ್ರಿಸ್‌ಮಸ್ಸಿಗೆ ಮೊಮ್ಮಗಳನ್ನು ಅತ್ತೆ-ಮಾವನಿಗೆ ತೋರಿಸಬೇಕು ಅಂತ ಟಿಕೆಟ್ ಮಾಡಿಸಿದೆವು. ಆಮೇಲೆ ಮಗುವಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಕೇಳಲು ಹೋದೆವು. ಸಿಕ್ಕ ಉತ್ತರ ಇಷ್ಟೇ: ಈ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ, ಸ್ವಂತ ದೇಶಕ್ಕೆ ಹೋಗುವವರಿಗೆ ವೀಸಾ ಕೊಡಲು ಬರುವುದಿಲ್ಲ.

ಸರಿ, ಜರ್ಮನ್ ಪಾಸ್‌ಪೋರ್ಟೇ ಮಾಡಿಸೋಣ ಅಂದರೆ, ಆಗಷ್ಟೇ ಬಂದ ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡಬೇಕು. ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಟಿಕೆಟ್ ದುಡ್ಡು ಹೋಯಿತು. ತಪ್ಪು ನಮ್ಮದೇ. ಮೊದಲು ಪೌರತ್ವ, ಆಮೇಲೆ ಹೆಸರು, ಆಮೇಲೆ ಪಾಸ್‌ಪೋರ್ಟ್, ಕೊನೆಗೆ ವೀಸಾ ಅಂತ ಹೋಗಬೇಕಿತ್ತು. ನಾವು ಪಾಸ್‌ಪೋರ್ಟಿನಿಂದ ಶುರು ಮಾಡಿದ್ದೆವು. ಗಂಡ-ಹೆಂಡತಿಯಲ್ಲಿ ಒಬ್ಬರು ಭಾರತೀಯರು, ಇನ್ನೊಬ್ಬರು ಬೇರೆ ದೇಶದವರು ಅನ್ನುವ ಮನೆಗಳಿಗಾಗಿ ಸರಿಯಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮದೇ ಭಾರತ-ಜರ್ಮನಿ ಜೋಡಿ.

ಹೆಜ್ಜೆ 1: ಮಗು ಈಗಾಗಲೇ ಯಾವ ದೇಶದ ಪ್ರಜೆ?

ಪಾಸ್‌ಪೋರ್ಟ್ ಪೌರತ್ವ ಕೊಡುವುದಿಲ್ಲ. ಇರುವ ಪೌರತ್ವವನ್ನು ತೋರಿಸುತ್ತದೆ, ಅಷ್ಟೇ. ಹಾಗಾಗಿ ಅರ್ಜಿ ತುಂಬುವ ಮೊದಲು ಎರಡೂ ದೇಶದ ಕಾನೂನು ನಿಮ್ಮ ಮಗುವನ್ನು ಏನೆಂದು ನೋಡುತ್ತದೆ ಅನ್ನುವುದು ಗೊತ್ತಿರಬೇಕು.

ಭಾರತದಲ್ಲಿ ಇದನ್ನು ಹೇಳುವುದು 1955ರ ಪೌರತ್ವ ಕಾಯ್ದೆ. 2004ರ ಡಿಸೆಂಬರ್ 3ರಂದು ಅಥವಾ ಅದರ ನಂತರ ಭಾರತದಲ್ಲಿ ಹುಟ್ಟಿದ ಮಗುವಿನ ಅಪ್ಪ-ಅಮ್ಮ ಇಬ್ಬರೂ ಭಾರತೀಯರಾಗಿದ್ದರೆ ಮಗುವೂ ಭಾರತೀಯ. ಒಬ್ಬರೇ ಭಾರತೀಯರಾಗಿದ್ದರೂ ಸಾಕು, ಆದರೆ ಇನ್ನೊಬ್ಬರು ಹೆರಿಗೆಯ ಸಮಯದಲ್ಲಿ ಅಕ್ರಮ ವಲಸಿಗರಾಗಿರಬಾರದು. ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆರಿಗೆಯ ಗಡಿಬಿಡಿಯಲ್ಲಿ ವಿದೇಶಿ ಗಂಡನ ವೀಸಾ ಮುಗಿದದ್ದು ಯಾರಿಗೂ ನೆನಪಾಗುವುದಿಲ್ಲ. ಅವಧಿ ಮೀರಿ ಉಳಿದವರನ್ನೂ ಕಾಯ್ದೆ ಅಕ್ರಮ ವಲಸಿಗ ಅಂತಲೇ ಕರೆಯುತ್ತದೆ. ಡ್ಯೂ ಡೇಟಿನ ಜೊತೆ ವೀಸಾ ಡೇಟನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮಗು ಹೊರದೇಶದಲ್ಲಿ ಹುಟ್ಟಿದರೆ ಲೆಕ್ಕವೇ ಬೇರೆ. ಅಪ್ಪ ಅಥವಾ ಅಮ್ಮ ಭಾರತೀಯರಾಗಿದ್ದರೂ ಮಗು ತಾನಾಗಿ ಭಾರತೀಯ ಆಗುವುದಿಲ್ಲ. ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ-ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಜರ್ಮನಿಯಲ್ಲಿರುವವರಿಗೆ ಬರ್ಲಿನ್‌ನಲ್ಲಿ ರಾಯಭಾರ ಕಚೇರಿ ಇದೆ. ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟುಗಳಿವೆ.

ಈಗ ಇನ್ನೊಂದು ದೇಶ. ಜರ್ಮನಿಯಲ್ಲಿ ಅಪ್ಪ-ಅಮ್ಮಂದಿರಲ್ಲಿ ಒಬ್ಬರು ಜರ್ಮನ್ ಆಗಿದ್ದರೆ ಮಗು ಎಲ್ಲೇ ಹುಟ್ಟಿದರೂ ಸಾಮಾನ್ಯವಾಗಿ ಜರ್ಮನ್. ಆದರೆ ಆ ಜರ್ಮನ್ ಪೋಷಕರೇ 1999ರ ಡಿಸೆಂಬರ್ 31ರ ನಂತರ ಹೊರದೇಶದಲ್ಲಿ ಹುಟ್ಟಿ, ಹೊರಗೇ ವಾಸ ಮಾಡುತ್ತಿದ್ದರೆ ಒಂದು ವರ್ಷದೊಳಗೆ ಜರ್ಮನಿಯಲ್ಲಿ ಜನನ ನೋಂದಣಿಗೆ ಅರ್ಜಿ ಹಾಕಬೇಕು. ಅಮೆರಿಕದವರಿಗೆ ಇಷ್ಟು ಸಲೀಸಲ್ಲ. ಮದುವೆಯಾದ ದಂಪತಿಯಲ್ಲಿ ಒಬ್ಬರು ಮಾತ್ರ ಅಮೆರಿಕನ್ ಆಗಿದ್ದು ಮಗು ಹೊರಗೆ ಹುಟ್ಟಿದರೆ, ಆ ಅಮೆರಿಕನ್ ಪೋಷಕರು ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು. ಅದರಲ್ಲಿ ಎರಡು ವರ್ಷವಾದರೂ 14 ತುಂಬಿದ ಮೇಲಿನದ್ದಾಗಿರಬೇಕು. ಹಳೆಯ ಸ್ಕೂಲ್ ಮಾರ್ಕ್ಸ್ ಕಾರ್ಡು, ಸಂಬಳದ ಚೀಟಿ ಎಲ್ಲ ಆಗ ಕೆಲಸಕ್ಕೆ ಬರುತ್ತವೆ. ಜಪಾನಿನವರಿಗೆ ಮೂರೇ ತಿಂಗಳ ಗಡುವು: ಹೊರದೇಶದಲ್ಲಿ ಹುಟ್ಟಿ ಇನ್ನೊಂದು ಪೌರತ್ವವೂ ಸಿಕ್ಕಿರುವ ಮಗುವಿನ ಜನನವನ್ನು ಅಷ್ಟರೊಳಗೆ ತಿಳಿಸಿ ಜಪಾನಿನ ಪೌರತ್ವ ಉಳಿಸಿಕೊಳ್ಳಬೇಕು.

ಹೆಜ್ಜೆ 2: ಹೆಸರು, ಅದೂ ಆಸ್ಪತ್ರೆಯ ಫಾರಂ ತುಂಬುವ ಮೊದಲು

ನನ್ನನ್ನು ಕೇಳಿದರೆ ಅರ್ಧ ತೊಂದರೆ ಹುಟ್ಟುವುದು ಇಲ್ಲೇ. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇರುತ್ತದೆ. ಊರಿನ ಹೆಸರು, ಅಪ್ಪನ ಹೆಸರು, ಎರಡೂ ಮೊದಲಕ್ಷರಗಳಾಗಿ ನಿಂತಿರುತ್ತವೆ. ಯುರೋಪಿನವರಿಗೆ ಕುಟುಂಬನಾಮ ಇಲ್ಲದ ಮನುಷ್ಯ ಅನ್ನುವುದೇ ಅರ್ಥವಾಗುವುದಿಲ್ಲ. ನಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯ ಫಾರಂ ತುಂಬಿದವರು "ತಂದೆ ಹೆಸರು ಹೇಳಿ" ಅಂದರು. ಇವರು ಪೂರ್ತಿ ಹೆಸರು ಹೇಳಿದರು. ಅವರು ಮೊದಲ ಹೆಸರನ್ನಷ್ಟೇ ಹಿಡಿದು, ಅದನ್ನು ಮಗುವಿನ ಹೆಸರಿನ ಕೊನೆಗೆ ಸೇರಿಸಿಬಿಟ್ಟರು. ನಮ್ಮಲ್ಲಿ ಅದು ಸರಿಯೇ, ಅಲ್ವಾ? ಜರ್ಮನಿಯ ಲೆಕ್ಕದಲ್ಲಿ ಮಾತ್ರ ನಮ್ಮ ಮಗಳಿಗೆ ಅಪ್ಪನದೂ ಅಲ್ಲದ, ಅಮ್ಮನದೂ ಅಲ್ಲದ ಕುಟುಂಬನಾಮ ಬಂತು. ಅದನ್ನು ತಿದ್ದಿಸಲು ಅಫಿಡವಿಟ್ಟು, ಓಡಾಟ, ಎರಡು ತಿಂಗಳು.

ಹಾಗಾಗಿ ಏಳನೇ ತಿಂಗಳಿಗೇ ಒಂದು ಕಾಗದದ ಮೇಲೆ ಮಗುವಿನ ಹೆಸರು ಮತ್ತು ಕುಟುಂಬನಾಮವನ್ನು ಇಂಗ್ಲಿಷ್ ಅಕ್ಷರದಲ್ಲೂ ಕನ್ನಡದಲ್ಲೂ ಬರೆದಿಟ್ಟುಕೊಳ್ಳಿ. ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆದಿಡಿ. ಆಸ್ಪತ್ರೆಯವರಿಗೆ ಬಾಯಲ್ಲಿ ಹೇಳಬೇಡಿ, ಆ ಕಾಗದ ಕೊಡಿ. ಮಗುವಿನ ಹೆಸರು ಇನ್ನೂ ನಿಶ್ಚಯವಾಗಿಲ್ಲ, ನಾಮಕರಣ ಆಗಬೇಕು ಅಂದರೆ ಚಿಂತೆಯಿಲ್ಲ. 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದವರೆಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ತಪ್ಪು ಹೆಸರು ತಿದ್ದಿಸುವುದಕ್ಕಿಂತ ಇಲ್ಲದ ಹೆಸರು ಸೇರಿಸುವುದು ಎಷ್ಟೋ ಸುಲಭ. ಕರ್ನಾಟಕದಲ್ಲಿ ಈ ಪ್ರಮಾಣಪತ್ರ ಇ-ಜನ್ಮ ವ್ಯವಸ್ಥೆಯಲ್ಲಿ ಬರುತ್ತದೆ. 2023ರ ಅಕ್ಟೋಬರ್ 1ರಂದು ಮತ್ತು ನಂತರ ಹುಟ್ಟಿದವರಿಗೆ ಭಾರತದ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕಕ್ಕೆ ಇದೊಂದೇ ಪುರಾವೆ. ಅಂಕಪಟ್ಟಿ, ಆಧಾರ್ ನಡೆಯುವುದಿಲ್ಲ.

ಒಂದೇ ಪದದ ಹೆಸರಂತೂ ಬೇಡವೇ ಬೇಡ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂತ 2022ರ ನವೆಂಬರಿನಲ್ಲಿ ಯುಎಇ ಹೇಳಿತು. ಬೆಂಗಳೂರಿನಿಂದ ಯುರೋಪಿಗೆ ಹೋಗುವವರಲ್ಲಿ ದುಬೈ ಮೇಲೆ ಹೋಗುವವರು ಎಷ್ಟು ಜನ ಅಂತ ಗೊತ್ತಲ್ಲ.

ಜರ್ಮನಿಯ ಕಡೆಯಿಂದ ಇನ್ನೊಂದು ಗಂಟಿತ್ತು. 2025ರ ಮೇ 1ಕ್ಕೆ ಮೊದಲು, ಗಂಡ-ಹೆಂಡತಿಗೆ ಒಂದೇ ಕುಟುಂಬನಾಮ ಇಲ್ಲದಿದ್ದರೆ, ಭಾರತದ ಪ್ರಮಾಣಪತ್ರದಲ್ಲಿರುವ ಹೆಸರು ಅಲ್ಲಿ ತಾನಾಗಿ ಒಪ್ಪಿತವಾಗುತ್ತಿರಲಿಲ್ಲ. ಹೆಸರಿನ ಘೋಷಣೆ ಅಂತ ಒಂದು ಫಾರಂ ತುಂಬಬೇಕಿತ್ತು. ಇಬ್ಬರೂ ಕಾನ್ಸುಲೇಟಿನಲ್ಲಿ ಸಹಿ ಮಾಡಬೇಕಿತ್ತು. ಅದು ಜರ್ಮನಿಯ ನೋಂದಣಿ ಕಚೇರಿಗೆ ಹೋಗಿ ಬರಬೇಕಿತ್ತು. ಪಾಸ್‌ಪೋರ್ಟ್ ಸಿಗುತ್ತಿದ್ದದ್ದು ಅದಾದ ಮೇಲೆಯೇ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇರುವುದು ನಮ್ಮ ಪುಣ್ಯ.

ಹೆಜ್ಜೆ 3: ಯಾವುದಾದರೂ ಒಂದನ್ನು ಆರಿಸಿ

ಜರ್ಮನಿ 2024ರ ಜೂನ್ 27ರಿಂದ ಎರಡು ಪೌರತ್ವವನ್ನು ಮುಕ್ತವಾಗಿ ಒಪ್ಪುತ್ತದೆ. ಇದನ್ನು ಓದಿ ಖುಷಿಪಡಬೇಡಿ. ಒಪ್ಪದಿರುವುದು ಭಾರತ. ನಿಮ್ಮ ಮಗು ಕಾನೂನಿನ ಕಣ್ಣಲ್ಲಿ ಹುಟ್ಟಿನಿಂದ ಎರಡೂ ಕಡೆಯವನಾಗಿರಬಹುದು. ಆದರೆ ಎರಡು ಪಾಸ್‌ಪೋರ್ಟ್ ಒಟ್ಟಿಗೆ ಬಳಸಿದರೆ ಭಾರತದ ಕಾನೂನಿನಲ್ಲಿ ತಪ್ಪು. "ನಮ್ಮ ಪರಿಚಯದವರು ಎರಡೂ ಇಟ್ಟುಕೊಂಡಿದ್ದಾರೆ, ಏನೂ ಆಗಿಲ್ಲ" ಅನ್ನುವವರು ಸಿಗುತ್ತಾರೆ. ಸುಮ್ನೆ ಕೇಳಿಸಿಕೊಂಡು ಬಿಟ್ಟುಬಿಡಿ.

ಆಯ್ಕೆ ನಿಂತಿರುವುದು ಮುಂದಿನ ಹತ್ತು ವರ್ಷ ಎಲ್ಲಿರುತ್ತೀರಿ ಅನ್ನುವುದರ ಮೇಲೆ. ಭಾರತದಲ್ಲೇ ಇರುತ್ತೀರಿ, ಅಜ್ಜ-ಅಜ್ಜಿಯೇ ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ ಅನ್ನುವುದಾದರೆ ಭಾರತದ ಪಾಸ್‌ಪೋರ್ಟ್ ಸಾಕು. ಮಗುವನ್ನು ಕರೆದುಕೊಂಡು ಜರ್ಮನಿಗೆ ಹೋಗಲೇಬೇಕು ಅಂದರೆ ಜರ್ಮನ್ ಪಾಸ್‌ಪೋರ್ಟ್ ಬೇಕೇ ಬೇಕು, ಬೇರೆ ದಾರಿಯಿಲ್ಲ. ಅಮೆರಿಕವೂ ತನ್ನ ಪ್ರಜೆಗಳು ತನ್ನ ಪಾಸ್‌ಪೋರ್ಟಿನಲ್ಲೇ ಬಂದು ಹೋಗಬೇಕು ಅನ್ನುತ್ತದೆ.

ವಿದೇಶಿ ಪಾಸ್‌ಪೋರ್ಟ್ ಆರಿಸಿದರೆ ಭಾರತದ ಕಡೆಯಿಂದ ಸಿಗುವುದು ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್. ಅಪ್ಪ-ಅಮ್ಮಂದಿರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಚಿಕ್ಕ ಮಕ್ಕಳಿಗೆ ಇದು ಸಿಗುತ್ತದೆ. ಜೀವನಪೂರ್ತಿ ಬಂದು ಹೋಗಬಹುದು, ಇಲ್ಲೇ ಓದಬಹುದು, ಮುಂದೆ ಕೆಲಸವನ್ನೂ ಮಾಡಬಹುದು. ಹಾಗಂತ ಇದು ಪೌರತ್ವ ಅಲ್ಲ. ಮತ ಹಾಕುವಂತಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇ ಥರದ ಪರೀಕ್ಷೆ ಬರೆದರೂ ಎನ್‌ಆರ್‌ಐ ಸೀಟಿಗಷ್ಟೇ ಅರ್ಹರು. ಡಾಕ್ಟರ್ ಕನಸು ಕಾಣುವ ಅಜ್ಜಿಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ.

ಊರಲ್ಲಿ ಅಡಿಕೆ ತೋಟ ಇರುವವರು ಇನ್ನೊಂದು ಮಾತು ಗಮನಿಸಿ. ಒಸಿಐ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ತಾತ ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ದಾನಪತ್ರ ಮಾಡಿಕೊಡುವಂತೆಯೂ ಇಲ್ಲ. ಉತ್ತರಾಧಿಕಾರದಿಂದ ಬಂದರೆ ಅಡ್ಡಿಯಿಲ್ಲ. ನಮ್ಮಪ್ಪ ಇದನ್ನು ಕೇಳಿ "ಹಾಗಾದ್ರೆ ನಾನು ಸಾಯೋವರೆಗೂ ಕಾಯಬೇಕಾ ಅವಳು?" ಅಂತ ನಕ್ಕಿದ್ದರು.

ಅಪ್ಪ ಅಥವಾ ಅಮ್ಮ, ಅವರ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಬಾಗಿಲು ಮುಚ್ಚಿದೆ. ಅಂಥ ಮನೆಗಳವರು ವಕೀಲರನ್ನು ಕಾಣದೆ ಮುಂದುವರಿಯಬೇಡಿ.

ಹೆಜ್ಜೆ 4: ಭಾರತದ ಪಾಸ್‌ಪೋರ್ಟ್ ಆದರೆ

ಇದು ಸುಲಭ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ, 1,000 ರೂಪಾಯಿ ಶುಲ್ಕ, ಎಂಟು ವರ್ಷದೊಳಗಿನ ಮಕ್ಕಳಿಗೆ ಶೇ 10 ರಿಯಾಯಿತಿ. ಇಬ್ಬರ ಸಹಿಯೂ ಇರುವ ಅನುಬಂಧ ಡಿ ಅನ್ನುವ ಘೋಷಣಾ ಪತ್ರ ಬೇಕು. ಒಬ್ಬರ ಒಪ್ಪಿಗೆ ತರಲಾಗದಿದ್ದರೆ ಅನುಬಂಧ ಸಿ. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೋ ನೀವೇ ತೆಗೆದುಕೊಂಡು ಹೋಗಬೇಕು. ವಿದೇಶಿ ಪೋಷಕರ ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ, ಮದುವೆ ಪ್ರಮಾಣಪತ್ರ ಮೂಲ ಪ್ರತಿಯೇ ಕೈಯಲ್ಲಿರಲಿ. ಐದು ವರ್ಷದ ಅವಧಿ, ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು.

ಹೆಜ್ಜೆ 5: ವಿದೇಶಿ ಪಾಸ್‌ಪೋರ್ಟ್ ಆದರೆ

ಜರ್ಮನ್ ಪಾಸ್‌ಪೋರ್ಟಿಗೆ ಇಬ್ಬರೂ ಮಗುವಿನ ಜೊತೆ ಹೋಗಬೇಕು. ಮಕ್ಕಳಿಗೆಂದೇ ಇದ್ದ ಪುಟ್ಟ ಪಾಸ್‌ಪೋರ್ಟನ್ನು 2024ರ ಜನವರಿಯಿಂದ ನಿಲ್ಲಿಸಿದ್ದಾರೆ. ಈಗ ಮಾಮೂಲಿ ಪಾಸ್‌ಪೋರ್ಟೇ. 24 ವರ್ಷದೊಳಗಿನವರಿಗೆ ಆರು ವರ್ಷದ ಅವಧಿ. ಆದರೆ ಕೂಸಿನ ಮುಖ ಆರು ವರ್ಷ ಹಾಗೇ ಇರುವುದಿಲ್ಲ. ಗುರುತು ಸಿಗದಷ್ಟು ಬದಲಾದರೆ ಅವಧಿಗೆ ಮೊದಲೇ ಹೊಸದು ಮಾಡಿಸಿ.

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಏರ್‌ಪೋರ್ಟಿಗೆ ಓಡಬೇಡಿ. ಇಲ್ಲೇ ಹುಟ್ಟಿದ ಮಗುವಿನ ವಿದೇಶಿ ಪಾಸ್‌ಪೋರ್ಟಿನಲ್ಲಿ ಭಾರತದ ವೀಸಾ ಇರುವುದಿಲ್ಲ, ಬಂದಿಳಿದ ಮುದ್ರೆಯೂ ಇರುವುದಿಲ್ಲ. ಇಮಿಗ್ರೇಷನ್ ಕೌಂಟರಿನಲ್ಲಿ ಅದು ಎಲ್ಲಿಂದಲೋ ಉದುರಿದ ವಿದೇಶಿ. ಬಿಡುವುದಿಲ್ಲ. ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಿ. ಇಲ್ಲೇ ಉಳಿಯುವುದಾದರೆ ವೀಸಾ, ಹೊರಡುವುದಾದರೆ ಎಕ್ಸಿಟ್ ಪರ್ಮಿಟ್. ಬೆಂಗಳೂರಿನ ಎಫ್‌ಆರ್‌ಆರ್‌ಒ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಹೆಚ್ಚಿನ ಕೆಲಸ ಆನ್‌ಲೈನಿನಲ್ಲೇ ಮುಗಿಯುತ್ತದೆ, ಕರೆದರೆ ಮಾತ್ರ ಹೋಗಬೇಕು.

ಮೊದಲು ಭಾರತದ ಪಾಸ್‌ಪೋರ್ಟ್ ಮಾಡಿಸಿದ್ದರೆ, ನಮ್ಮ ಹಾಗೆ, ಅದನ್ನು ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ತೆಗೆದುಕೊಳ್ಳಿ. ಅದಿಲ್ಲದೆ ಒಸಿಐ ಅರ್ಜಿ ಮುಂದೆ ಹೋಗುವುದಿಲ್ಲ. ಆಮೇಲೆ ಒಸಿಐ. ಭಾರತದಲ್ಲಿ ಅರ್ಜಿ ಹಾಕಿದರೆ 15,000 ರೂಪಾಯಿ, ಹೊರದೇಶದಲ್ಲಿ 275 ಡಾಲರ್. ಸಹಿ ಮಾಡಲು ಬಾರದ ಮಗುವಿನ ಎಡಗೈ ಹೆಬ್ಬೆಟ್ಟು ಒತ್ತಿಸಿ ಸ್ಕ್ಯಾನ್ ಮಾಡಬೇಕು. ಮಗು ಮಲಗಿದ್ದಾಗ ಮಾಡಿ. ಎಚ್ಚರವಿದ್ದಾಗ ಮಾಡಲು ಹೋಗಿ ನಮ್ಮ ಸೋಫಾ ಇನ್ನೂ ನೀಲಿಯಾಗಿದೆ.

ಹೆಜ್ಜೆ 6: ವಿದೇಶಿ ಗಂಡ ಅಥವಾ ಹೆಂಡತಿಯ ಕಾಗದ

ಮಗುವಿನ ಗದ್ದಲದಲ್ಲಿ ದೊಡ್ಡವರದು ಮರೆತುಹೋಗುತ್ತದೆ. ಭಾರತೀಯರನ್ನು ಮದುವೆಯಾದ ವಿದೇಶಿಗೆ ಸಿಗುವುದು ಎಂಟ್ರಿ ವೀಸಾ, ಎಲ್ಲರ ಬಾಯಲ್ಲಿ ಎಕ್ಸ್ ವೀಸಾ. ಇದರಲ್ಲಿ ಕೆಲಸ ಮಾಡುವಂತಿಲ್ಲ. ವೀಸಾ 180 ದಿನಕ್ಕಿಂತ ಜಾಸ್ತಿ ಅವಧಿಯದ್ದಾಗಿದ್ದು ನೋಂದಣಿ ಬೇಕು ಅಂತ ಅದರ ಮೇಲೆ ಬರೆದಿದ್ದರೆ, ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಆಗಬೇಕು.

ಮದುವೆ ನೋಂದಣಿಯಾಗಿ, ಅರ್ಜಿ ಹಾಕುವ ದಿನದ ಹಿಂದಿನ ಎರಡು ವರ್ಷ ಮದುವೆ ಸತತವಾಗಿ ಉಳಿದಿದ್ದರೆ ಒಸಿಐ ಕೇಳಬಹುದು. ಹಾಗಾಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿ ನೋಂದಣಿಯನ್ನು ಮುಂದೆ ಹಾಕಬೇಡಿ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಅದಕ್ಕೆ ಮುಂಚೆ 30 ದಿನ ವಾಸವಿರಬೇಕು. ಎರಡು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದ ಹುಡುಗನಿಗೆ ಇದು ಬಿಗಿ. ಹುಡುಗಿಯ ವಾಸದ ಪುರಾವೆಯ ಮೇಲೆ ಅವನು ಬರುವ ಮೊದಲೇ ಕಾಗದ ಸಿದ್ಧ ಮಾಡಿಟ್ಟರೆ ಉಸಿರಾಡಬಹುದು.

ವಿಚ್ಛೇದನವಾದರೆ ಮದುವೆಯಿಂದ ಬಂದ ಒಸಿಐ ರದ್ದಾಗುತ್ತದೆ. ಹೇಳಲು ಕಹಿ, ಆದರೆ ಗೊತ್ತಿರಲಿ. ಮಗುವಿನ ಒಸಿಐಗೆ ಇದರಿಂದ ಏನೂ ಆಗುವುದಿಲ್ಲ.

ಭಾರತೀಯರಾದ ನಾವು ಯುರೋಪಿಗೆ ಹೋಗುವಾಗ ಒಂದು ಅನುಕೂಲವಿದೆ, ಬಹಳ ಜನರಿಗೆ ಗೊತ್ತಿಲ್ಲ. ಗಂಡ ಜರ್ಮನ್, ನೀವಿಬ್ಬರೂ ಸೇರಿ ಫ್ರಾನ್ಸಿಗೋ ಇಟಲಿಗೋ ಹೊರಟಿದ್ದೀರಿ ಅನ್ನಿ. ಐರೋಪ್ಯ ಒಕ್ಕೂಟದ ಪ್ರಜೆಯ ಸಂಗಾತಿ ಅಂತ ನಿಮಗೆ ಷೆಂಗೆನ್ ವೀಸಾ ಉಚಿತವಾಗಿ ಸಿಗಬೇಕು. ಉಳಿದವರಿಗೆ 2024ರ ಜೂನ್‌ನಿಂದ 90 ಯೂರೋ. ಅರ್ಜಿಯಲ್ಲಿ ಆ ಕಾಲಂ ತುಂಬಿ, ಮದುವೆ ಪ್ರಮಾಣಪತ್ರ ಲಗತ್ತಿಸಿ. ನೆಲೆಸಲು ಹೋಗುವುದು ಬೇರೆ ವಿಷಯ. ಜರ್ಮನಿಯ ಸಂಗಾತಿ ವೀಸಾಗೆ ಸಾಮಾನ್ಯವಾಗಿ ಎ1 ಮಟ್ಟದ, ಅಂದರೆ ಮೊದಲ ಹಂತದ, ಜರ್ಮನ್ ಭಾಷೆ ಬರಬೇಕು. ಬಸುರಿಯಾಗಿದ್ದಾಗ ಮನೆಯಲ್ಲಿ ಕೂತು ಕಲಿತೆ ನಾನು. ನಾಮಪದದ ಲಿಂಗ ತೋರಿಸುವ ಡೇರ್, ಡೀ, ಡಾಸ್ ಇವತ್ತಿಗೂ ತಪ್ಪುತ್ತವೆ.

ಹೆಜ್ಜೆ 7: ಹೊರಡುವ ದಿನ

ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಹೋಗುವ-ಬರುವ ದಿನಾಂಕ, ಉಳಿಯುವ ವಿಳಾಸ, ಫೋನ್ ನಂಬರ್, ಸಹಿ ಮಾಡಿದವರ ಪಾಸ್‌ಪೋರ್ಟ್ ಪ್ರತಿ ಇರಲಿ. ಮಗುವಿನ ಕುಟುಂಬನಾಮ ನಿಮ್ಮದಕ್ಕಿಂತ ಬೇರೆ ಇದ್ದರೆ ಜನನ ಪ್ರಮಾಣಪತ್ರವೂ ಜೊತೆಗಿರಲಿ. ಕೇಳುವುದು ಅಪರೂಪ. ಫ್ರಾಂಕ್‌ಫರ್ಟಿನಲ್ಲಿ ಒಮ್ಮೆ ನನ್ನನ್ನು ಕೇಳಿದ್ದರು, ಕಾಗದ ತೋರಿಸಿದೆ, ಎರಡು ನಿಮಿಷದಲ್ಲಿ ಮುಗಿಯಿತು.

ದಂಪತಿ ನಡುವೆ ಸರಿಯಿಲ್ಲ ಅನ್ನುವಾಗ ಮಾತ್ರ ಈ ಪತ್ರದ ತೂಕವೇ ಬೇರೆ. ಮಗುವನ್ನು ಒಬ್ಬರೇ ಬೇರೆ ದೇಶಕ್ಕೆ ಕರೆದೊಯ್ದು ಮರಳದಿದ್ದರೆ ವಾಪಸ್ ತರಿಸಲು 1980ರ ಹೇಗ್ ಒಪ್ಪಂದ ಇದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಎರಡು ದೇಶದ ಕೋರ್ಟುಗಳ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಜಗಳವಿದ್ದರೆ ಟಿಕೆಟ್ ಮಾಡಿಸುವ ಮೊದಲು ಕುಟುಂಬ ವಕೀಲರನ್ನು ಕಾಣಿ.

ಹೆಜ್ಜೆ 8: ಕ್ಯಾಲೆಂಡರಿನಲ್ಲಿ ಬರೆದಿಡಬೇಕಾದ್ದು

20 ವರ್ಷದವರೆಗೆ ಮಗುವಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿ ಮತ್ತು ಹೊಸ ಫೋಟೋವನ್ನು ಮೂರು ತಿಂಗಳೊಳಗೆ ಒಸಿಐ ಜಾಲತಾಣಕ್ಕೆ ಹಾಕಬೇಕು. ಶುಲ್ಕವಿಲ್ಲ. 20 ತುಂಬಿದ ಮೇಲೆ ಬರುವ ಮೊದಲ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕು. ಮದುವೆಯಿಂದ ಒಸಿಐ ಪಡೆದವರು ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಮದುವೆ ಮುಂದುವರಿದಿದೆ ಅಂತ ಘೋಷಣೆಯನ್ನೂ ಸೇರಿಸಬೇಕು.

ಹೊರದೇಶದಲ್ಲಿ ಹುಟ್ಟಿ, ದೂತಾವಾಸದಲ್ಲಿ ನೋಂದಣಿಯಾಗಿ ಭಾರತೀಯರಾದ ಮಕ್ಕಳಿಗೆ ಇನ್ನೊಂದು ದೇಶದ ಪೌರತ್ವವೂ ಇದ್ದರೆ 18ನೇ ಹುಟ್ಟುಹಬ್ಬ ದೊಡ್ಡ ದಿನ. ಅಲ್ಲಿಂದ ಆರು ತಿಂಗಳೊಳಗೆ ಆ ಇನ್ನೊಂದನ್ನು ಬಿಡದಿದ್ದರೆ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಆಗ ಪಿಯುಸಿ ಪರೀಕ್ಷೆ, ಕಾಲೇಜು ಅರ್ಜಿ ಅಂತ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. 17ಕ್ಕೇ ಮಗುವನ್ನು ಕೂರಿಸಿಕೊಂಡು ಮಾತಾಡಿ. ಸಹಿ ಮಾಡಬೇಕಾದವರು ಆಗ ಅವರೇ.